ಬದಲಿ ಸಾಹೇಬರ ಗಾಜಿನ ರ‍್ಯಾಂಪು

ಮನೆಯಿಂದ ಆಫೀಸಿಗೆ ನಾನು ಒಬ್ಬಳೇ ಹೋಗುತ್ತೇನೆ. ಬೀದಿಯಲ್ಲಿ ಗುಂಡಿ ಎಲ್ಲೆಲ್ಲಿದೆ ಎನ್ನುವುದು ಅದನ್ನು ತೋಡಿದ ಇಲಾಖೆಗಿಂತ ನನ್ನ ಗಾಲಿಕುರ್ಚಿಗೆ ಚೆನ್ನಾಗಿ ಗೊತ್ತು. ಹಾಲಿನಂಗಡಿಯ ಮುಂದೆ ಎಡಕ್ಕೆ, ಕ್ಷೌರದಂಗಡಿಯ ಮುಂದೆ ಬಲಕ್ಕೆ, ಬಸ್ಸು ಬಂದರೆ ಗೋಡೆಗೆ ಒತ್ತಿ ನಿಂತು, ಅದು ಹೋದ ಮೇಲೆ ಡ್ರೈವರನಿಗೆ ನಾಲ್ಕು ಮಾತು ಅಂದು, ಪುರಸಭೆಯ ಗೇಟಿನ ತನಕ ರಾಣಿಯ ಹಾಗೆ ಬರುತ್ತೇನೆ. ಗೇಟು ದಾಟಿ ಮೆಟ್ಟಿಲ ಬುಡ ಮುಟ್ಟಿದೆನೋ, ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ನಾನು ಸಾಮಾನು.

"ಅಕ್ಕ ಬಂದ್ರು, ಯಾರಾದ್ರೂ ಬನ್ರಪ್ಪಾ" ಎಂದು ಜವಾನ ಒಳಗೆ ಮುಖ ಮಾಡಿ ಕೂಗುತ್ತಾನೆ. ಒಬ್ಬ ಕುರ್ಚಿಯ ಹಿಡಿ ಹಿಡಿಯುತ್ತಾನೆ, ಇನ್ನೊಬ್ಬ ಮುಂದಿನ ಗಾಲಿ ಎತ್ತುತ್ತಾನೆ, ನಾನು ಹಿಂದಕ್ಕೆ ವಾಲಿ ಚಾವಣಿಯ ಜೇಡರ ಬಲೆ ನೋಡುತ್ತಾ ಮೇಲೇರುತ್ತೇನೆ. ಅರ್ಜಿ ಹಿಡಿದು ನಿಂತ ಜನ ಪಕ್ಕಕ್ಕೆ ಸರಿದು, 'ಪಾಪ' ಎಂಬ ಮುಖ ಮಾಡುತ್ತಾರೆ. ಜವಾನನದು ದಿನವೂ ಒಂದೇ ಜೋಕು.

"ಅಕ್ಕಾ, ನಿನ್ನೆಗಿಂತ ಇವತ್ತು ಭಾರ ಜಾಸ್ತಿ ಆಗಿದೀರಲ್ಲಾ."

"ನಿನ್ನ ಜೋಕು ಹೊಟ್ಟೇಲಿ ಜೀರ್ಣ ಆಗಿಲ್ಲ, ಅದರ ಭಾರ" ಎಂದು ನಾನೂ ದಿನವೂ ಒಂದೇ ಉತ್ತರ ಕೊಡುತ್ತೇನೆ.

ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಎತ್ತಿ ಎತ್ತಿ ಅವನ ಸೊಂಟ ಹಿಡಿದುಕೊಂಡಿದೆ, ಅವನ ಹೆಂಡತಿ ಅದಕ್ಕೆ ನನಗೇ ಶಾಪ ಹಾಕುತ್ತಾಳೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಎಲ್ಲರೂ ಒಳಗೆ ಹೋಗುವ ಹಾಗೆ ನಾನೂ ನನ್ನ ಪಾಡಿಗೆ ಒಳಗೆ ಹೋಗಬೇಕು. ಯಾರೂ ಕೂಗಬಾರದು, ಯಾರೂ ಎತ್ತಬಾರದು, ಯಾರೂ ದಾರಿ ಬಿಟ್ಟು ಮರುಗಬಾರದು. ಮೆಟ್ಟಿಲ ಪಕ್ಕ ಒಂದು ರ‍್ಯಾಂಪು ಹಾಕಿದರೆ ಮುಗಿಯುವ ಕೆಲಸ.

ನಾನಿರುವುದು ಟಪಾಲು ವಿಭಾಗದಲ್ಲಿ. ಬರುವ ಕಾಗದಕ್ಕೂ ಹೋಗುವ ಕಾಗದಕ್ಕೂ ಮೊಹರು ಒತ್ತುವವಳು ನಾನೇ. ರ‍್ಯಾಂಪು ಬೇಕೆಂದು ನಾನು ಬರೆದ ಅರ್ಜಿಗೆ ನಾನೇ ಮೊಹರು ಒತ್ತಿ ಒಳಗೆ ಕಳಿಸಿದೆ. 'ಮರಳಿನ ಅಭಾವವಿರುವುದರಿಂದ ಸದ್ಯಕ್ಕೆ ಸಾಧ್ಯವಿಲ್ಲ' ಎಂಬ ಉತ್ತರಕ್ಕೂ ನಾನೇ ಮೊಹರು ಒತ್ತಿ, ನನಗೇ ತಲುಪಿಸಿಕೊಂಡೆ. ನದಿಯ ಮರಳು ತೆಗೆಯುವುದನ್ನು ಸರ್ಕಾರ ನಿಲ್ಲಿಸಿದ್ದು ನಿಜ. ನದಿಯನ್ನು ಬಗೆದು ಬಗೆದು ಬಾವಿ ಮಾಡಿದ ಮೇಲೆ ನಿಲ್ಲಿಸದೆ ಇನ್ನೇನು? ಆದರೆ ಅದೇ ಸಮಯಕ್ಕೆ ನಮ್ಮ ಅಧ್ಯಕ್ಷರ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಅದನ್ನು ಬಹುಶಃ ಗಾಳಿಯಲ್ಲಿ ಕಟ್ಟುತ್ತಿದ್ದರು.

ಹೀಗಿರುವಾಗ ಬಂದವರು ಬದಲಿ ಸಾಹೇಬರು. ಹೊಸ ಎಂಜಿನಿಯರು. ವರ್ಗವಾಗಿ ಬಂದರೆಂದು ಆ ಹೆಸರಲ್ಲ. ಯಾವುದು ಇಲ್ಲ ಎಂದರೂ ಅದಕ್ಕೊಂದು ಬದಲಿ ಹುಡುಕುತ್ತಿದ್ದರು. ಫ್ಯಾನು ಕೆಟ್ಟರೆ ಕಿಟಕಿ ಬಿಚ್ಚಿಸಿದರು, ಕಿಟಕಿಯಿಂದ ಧೂಳು ಬಂದರೆ ಹಳೇ ನಕಾಶೆಗಳನ್ನು ಪರದೆ ಮಾಡಿದರು. ಒಳ್ಳೆಯ ಮನುಷ್ಯರು. ನನ್ನ ಅನುಭವದಲ್ಲಿ ಕೆಟ್ಟವರಿಂದ ಆದ ತೊಂದರೆ ಕಡಿಮೆ, ಒಳ್ಳೆಯವರಿಂದಲೇ ಜಾಸ್ತಿ.

"ಮೇಡಂ, ಮರಳಿಲ್ಲ ಅಂತ ಯಾಕೆ ಕೈಚೆಲ್ಲಿ ಕೂರಬೇಕು?" ಎಂದು ನನ್ನ ಮೇಜಿನ ಮುಂದೆ ನಿಂತು ಕೇಳಿದರು. "ಗಾಜಿನ ಬಾಟ್ಲಿ ಪುಡಿ ಮಾಡಿ ಕಾಂಕ್ರೀಟಿಗೆ ಹಾಕಿದ್ರೆ ಆಯ್ತು. ಗಾಜು ಹುಟ್ಟಿದ್ದೇ ಮರಳಿಂದ. ಅಪ್ಪನ ಕೆಲಸ ಮಗ ಮಾಡಬಾರದಾ?"

"ಮಾಡಬಹುದು ಸಾರ್. ನಮ್ಮ ಅಧ್ಯಕ್ಷರ ಮಗ ಮಾಡ್ತಾ ಇಲ್ವಾ?"

ಅವರು ಆ ಕಡೆ ಈ ಕಡೆ ನೋಡಿ ನಗು ನುಂಗಿಕೊಂಡರು.

ಗಾಜಿನ ಪುಡಿಯ ಯೋಜನೆ ಸಭೆಗೆ ಹೋಯಿತು. ಸಭೆಯ ಕೋಣೆಗೂ ನನ್ನ ಮೇಜಿಗೂ ಮಧ್ಯೆ ಇರುವುದು ಬರೀ ಹಲಗೆ, ಹಾಗಾಗಿ ಕದ್ದು ಕೇಳುವ ಶ್ರಮ ನನಗಿಲ್ಲ. ಮೊದಲ ಪ್ರಯೋಗ ಯಾವುದರ ಮೇಲೆ ಎಂದು ಚರ್ಚೆಯಾಯಿತು. ಕಾಲುಸೇತುವೆ ಎಂದರು ಒಬ್ಬರು, ಬೇಡ, ಜನ ಓಡಾಡುತ್ತಾರೆ. ನೀರಿನ ತೊಟ್ಟಿ ಎಂದರು ಇನ್ನೊಬ್ಬರು, ಬೇಡ, ಜನ ಕುಡಿಯುತ್ತಾರೆ. ಕೊನೆಗೆ ಅಧ್ಯಕ್ಷರ ಗಂಟಲು ಕೇಳಿಸಿತು. "ನೋಡ್ರಿ, ಏನೋ ಹೆಚ್ಚುಕಡಿಮೆ ಆದ್ರೂ ಯಾರಿಗೂ ತೊಂದ್ರೆ ಆಗದಂಥದ್ದು ಏನಾದ್ರೂ ಹೇಳಿ. ಆ ಟಪಾಲಿನ ಅಮ್ಮ ಏನೋ ಕೇಳ್ತಿದ್ರಲ್ಲ, ರ‍್ಯಾಂಪೋ ಏನೋ."

ಎಲ್ಲರೂ ಮೇಜು ಕುಟ್ಟಿದರು. ಆ 'ಯಾರಿಗೂ' ಎಂಬ ಲೆಕ್ಕದಲ್ಲಿ ನಾನು ಬರುವುದಿಲ್ಲ ಎನ್ನುವುದು ಹೀಗೆ ಸರ್ವಾನುಮತದಿಂದ ತೀರ್ಮಾನವಾಯಿತು. ನಾನು ಆ ತೀರ್ಮಾನಕ್ಕೂ ಮೊಹರು ಒತ್ತಿದೆ. ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆಗೆಟ್ಟ ಸಂತೋಷ.

"ಅಮ್ಮಾ, ರ‍್ಯಾಂಪು ಬರ್ತಿದೆ" ಎಂದೆ, ಮನೆಗೆ ಹೋಗಿ.

ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಮರಳಿಲ್ಲ ಅಂದಿದ್ರಲ್ಲೇ, ಯಾವುದರಲ್ಲಿ ಮಾಡ್ತಾರೆ?"

"ಗಾಜಲ್ಲಿ."

"ಗಾಜಲ್ಲಾ? ಆಫೀಸಲ್ಲಿ ನಿನ್ನನ್ನ ಇಟ್ಕೊಂಡು ಮೀನಿನ ತೊಟ್ಟಿ ಮಾಡ್ತಾರಾ?" ಎಂದು ದಿಂಬಿನ ಚೀಲ ಕೊಡವಿದಳು. ಆಮೇಲೆ ಅದನ್ನು ಮಡಿಸುತ್ತಾ, "ಚಿಕ್ಕವಳಿದ್ದಾಗ ನಾನೇ ಎತ್ಕೊಂಡು ಓಡಾಡಿದೆ, ಆಗ ನಿನಗೆ ಇಷ್ಟು ಕಷ್ಟ ಅನ್ನಿಸ್ತಿತ್ತಾ?" ಎಂದು ಕೇಳಿದಳು.

"ನೀನು ಎತ್ತಿದ್ರೆ ಜನ ನೋಡ್ತಿರಲಿಲ್ಲಮ್ಮ" ಎಂದೆ. ಅಮ್ಮ ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು.

ಯೋಜನೆಗೆ ಮೊದಲ ವಿಘ್ನ ಬಂದದ್ದು ತ್ಯಾಜ್ಯದ ಕೊರತೆಯಿಂದ. ಇಡೀ ಊರು ಕಸದಲ್ಲಿ ಮುಳುಗಿದೆ, ಆದರೆ ಬೇಕೆಂದಾಗ ಒಂದು ಖಾಲಿ ಬಾಟ್ಲಿ ಇಲ್ಲ. ಇದ್ದಬದ್ದದ್ದನ್ನೆಲ್ಲ ಗುಜರಿಯವನು ಬಾಚಿಕೊಂಡು ಹೋಗಿದ್ದ. ಪುರಸಭೆಗೆ ಬೇಕು ಎಂದು ಗೊತ್ತಾದ ಕೂಡಲೇ ಅವನು ಗೋಡೌನಿಗೆ ಬೀಗ ಹಾಕಿ, ತನ್ನ ಬಾಟ್ಲಿಗಳು ಮಾಮೂಲಿ ಬಾಟ್ಲಿಗಳಲ್ಲ ಎನ್ನತೊಡಗಿದ. ಅಧ್ಯಕ್ಷರು ರೇಗಿದರು. "ಅವನ ಕಾಲಿಗೆ ಬೀಳಬೇಕಾ? ನಮ್ಮ ಕಸ ನಾವೇ ಮಾಡ್ಕೊಳ್ಳೋಣ."

ಮಾಡಿಕೊಂಡೆವು. ಕಿತ್ತಳೆ ಜ್ಯೂಸಿನ ಗಾಜಿನ ಬಾಟ್ಲಿಗಳು ಕ್ರೇಟುಗಟ್ಟಲೆ ಬಂದಿಳಿದವು. ತ್ಯಾಜ್ಯ ಕಡಿಮೆ ಮಾಡುವುದು ಹೇಗೆ ಎಂದು ದಿನವೂ ಒಂದು ಸಭೆ, ಸಭೆಗೆ ಬಂದವರಿಗೆಲ್ಲ ಒಂದೊಂದು ಬಾಟ್ಲಿ. ಲೆಕ್ಕಪತ್ರದವರಿಗೆ ಸಕ್ಕರೆ ಕಾಯಿಲೆ, ಅವರು ಕಿಟಕಿಯಿಂದ ಹೊರಗೆ ಸುರಿಯುವಾಗ ಸಿಕ್ಕಿಬಿದ್ದು ಬೈಸಿಕೊಂಡರು. ಸಿಹಿ ಕುಡಿದು ಕುಡಿದು ಎಲ್ಲರಿಗೂ ಬಾಯಿ ಕೆಟ್ಟುಹೋಯಿತು.

"ಅಕ್ಕಾ, ಪರಿಸರದ ಮುಖ ನೋಡಿ ಇನ್ನೊಂದು ಕುಡೀರಿ" ಎಂದು ಜವಾನ ಬಂದ.

"ನಿನ್ನ ಮುಖ ನೋಡಿದ್ರೆ ಕುಡಿದಿದ್ದೂ ವಾಪಸ್ ಬರತ್ತೆ, ಆ ಕಡೆ ಇಡು."

ಕಡೆಕಡೆಗೆ ಯಾರೂ ಪೂರ್ತಿ ಕುಡಿಯುತ್ತಿರಲಿಲ್ಲ. ಎರಡು ಗುಟುಕು ಕುಡಿದು, ಉಳಿದದ್ದು ತಳದಲ್ಲಿರುವ ಹಾಗೆಯೇ ಕ್ರೇಟಿಗೆ ಹಾಕುತ್ತಿದ್ದೆವು. ಹಿತ್ತಲಿನಲ್ಲಿ ಅವು ಬಿಸಿಲಿಗೆ ಕೂತು ಅಂಟಂಟಾದವು. ಪುಡಿ ಮಾಡುವ ಯಂತ್ರ ಬಂದ ದಿನ ಜವಾನ ಹೆದರಿಹೆದರಿ ಕೇಳಿದ, ಇದನ್ನೆಲ್ಲ ತೊಳೆಯಬೇಕಾ ಸಾರ್ ಎಂದು. ತೊಳೆಯಬೇಕಾದವನು ಅವನೇ ಎಂದು ಅವನಿಗೆ ಗೊತ್ತಿತ್ತು.

ಬದಲಿ ಸಾಹೇಬರು ನೊಂದವರ ಹಾಗೆ ನೋಡಿದರು. "ಕಸ ತೊಳೆಯೋಕೆ ಕುಡಿಯೋ ನೀರು ಸುರಿದ್ರೆ ಪರಿಸರ ಉಳಿಸಿದ ಹಾಗಾಯ್ತೇನಪ್ಪಾ? ಹಾಗೇ ಹಾಕು."

ಎಂಥಾ ದೊಡ್ಡ ಮಾತು ಎಂದು ನಾವೆಲ್ಲ ತಲೆದೂಗಿದೆವು. ಜವಾನನಂತೂ ಅವತ್ತಿನಿಂದ ಪರಿಸರವಾದಿಯಾದ. ಬಾಟ್ಲಿಗಳು ಜ್ಯೂಸಿನ ಸಮೇತ ಯಂತ್ರದೊಳಗೆ ಹೋಗಿ, ಹಸಿರು ಬಿಳಿ ಬೆರೆತ ಪುಡಿಯಾಗಿ ಹೊರಗೆ ಬಂದವು. ಸಾಹೇಬರಿಗೆ ಉತ್ಸಾಹ ಎಷ್ಟೆಂದರೆ ಸ್ವಲ್ಪ ಮರಳು, ಸ್ವಲ್ಪ ಗಾಜು ಎಂಬ ಮಾತೇ ಇಲ್ಲ, ಮರಳಿನ ಜಾಗಕ್ಕೆ ಪೂರ್ತಿ ಗಾಜೇ. ಮೇಸ್ತ್ರಿ ಸಿಮೆಂಟು, ಜಲ್ಲಿ, ಗಾಜಿನ ಪುಡಿ ಕಲಸಿ, ಮೆಟ್ಟಿಲ ಪಕ್ಕ ಹಲಗೆ ಕಟ್ಟಿ ಸುರಿದು, ಕರಣೆಯಿಂದ ನೀಟಾಗಿ ಸವರಿದ. ಬಿಸಿಲಿಗೆ ಅದು ಮಿನುಗುತ್ತಿತ್ತು. ನಾನು ಕೆಳಗೆ ನಿಂತು ಕಣ್ತುಂಬ ನೋಡಿದೆ.

ಮರುದಿನ ಮೇಸ್ತ್ರಿ ಬೆರಳಿಟ್ಟು ನೋಡಿದ, ಬೆರಳು ಒಳಗೆ ಹೋಯಿತು. ಸಿಮೆಂಟು ಕಳಪೆ ಎಂದ. ಅದರ ಮರುದಿನವೂ ಹೋಯಿತು, ಹವೆ ತಂಪು ಎಂದ. ಆಮೇಲೂ ಹೋದಾಗ ನನ್ನ ಕಡೆ ನೋಡಿ, ಕೆಲವರ ದೃಷ್ಟಿಯೇ ಹಾಗೆ ಎಂದ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಇರುವೆಗಳು ಕಂಡವು. ಗೇಟಿನ ಕಂಬದಿಂದ ಹೊರಟು, ಗೋಡೆ ಹಿಡಿದು, ಸೀದಾ ನನ್ನ ರ‍್ಯಾಂಪಿನ ಮೇಲಕ್ಕೆ. ಪುರಸಭೆಯ ಕಾಮಗಾರಿಗೆ ಇಷ್ಟು ಶಿಸ್ತಾಗಿ ಯಾರಾದರೂ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇನ್ನೂ ಸ್ವಲ್ಪ ಟೈಮ್ ತಗೊಳ್ಳತ್ತೆ ಮೇಡಂ" ಎಂದರು ಬದಲಿ ಸಾಹೇಬರು. ಅವರ ಮುಖ ಬಾಡಿತ್ತು. ಉದ್ಘಾಟನೆ ಮುಂದೆ ಹಾಕಿ ಎಂದು ಅಧ್ಯಕ್ಷರನ್ನು ಕೇಳಿಕೊಂಡದ್ದು ಹಲಗೆಯ ಆಚೆಯಿಂದ ನನಗೆ ಕೇಳಿಸಿತು. ದೊಡ್ಡವರೊಬ್ಬರು ಅತಿಥಿಯಾಗಿ ಬರುತ್ತಾರೆ, ಅವರ ದಿನ ಬದಲಾಗುವುದಿಲ್ಲ, ಕಾಂಕ್ರೀಟೇ ಹೊಂದಿಕೊಳ್ಳಬೇಕು ಎಂದು ಅಧ್ಯಕ್ಷರು ಹೇಳಿದ್ದೂ ಕೇಳಿಸಿತು. ಸರಿ ಸಾರ್ ಎಂದರು ಸಾಹೇಬರು.

ನಾನು ದಡ್ಡಿಯಲ್ಲ. ಹಸಿ ಯಾವುದು, ಗಟ್ಟಿ ಯಾವುದು ಎಂದು ನನಗೂ ಗೊತ್ತು. ಆದರೂ ಉದ್ಘಾಟನೆಯ ಬೆಳಿಗ್ಗೆ ಗಾಲಿ ಒರೆಸಿ, ಅಚ್ಚಿಗೆ ಎಣ್ಣೆ ಬಿಟ್ಟು, ಎತ್ತಿಟ್ಟಿದ್ದ ಸೀರೆ ಉಟ್ಟು ಹೊರಟೆ. ರಾತ್ರಿಯೆಲ್ಲ ಗಟ್ಟಿಯಾಗಿರಬಹುದು ಎಂದು ಮನಸ್ಸು ಹೇಳುತ್ತಿತ್ತು. ಅಷ್ಟು ಆಸೆಯಾದಾಗ ಬುದ್ಧಿಯನ್ನು ಯಾರು ಕೇಳುತ್ತಾರೆ?

ರ‍್ಯಾಂಪಿನ ಮೇಲೆ ಕೆಂಪು ಜಮಖಾನ ಹಾಸಿದ್ದರು. ಇರುವೆಗಳು ಅದರ ಅಂಚಿನಡಿಗೆ ಹೋಗಿ ಬಂದು ಮಾಡುತ್ತಿದ್ದವು. ಭಾಷಣಗಳಾದವು. ಕಸದಿಂದ ರಸ ಎಂದರು ಅತಿಥಿಗಳು, ಜ್ಯೂಸಿನ ವಿಷಯ ಯಾರು ಹೇಳಿದ್ದರೋ ಗೊತ್ತಿಲ್ಲ. ಟೇಪು ಕತ್ತರಿಸಿ, "ಬಾರಮ್ಮ, ಧೈರ್ಯವಾಗಿ ಬಾ" ಎಂದರು ಅಧ್ಯಕ್ಷರು, ನಾನೇನೋ ಅಲ್ಲಿ ಹೊಳೆ ದಾಟುವವಳ ಹಾಗೆ.

ಎರಡು ಕೈಯಲ್ಲೂ ಗಾಲಿ ದೂಡಿದೆ. ಮೊದಲ ಸ್ವಲ್ಪ ಜಾಗ ನೆಲವೇ ಇತ್ತು, ಸಲೀಸಾಗಿ ಹೋಯಿತು. ಆಹಾ, ಎಂಥಾ ಗಳಿಗೆ ಅದು. ಆಮೇಲೆ ಮುಂದಿನ ಗಾಲಿಗಳು ಜಮಖಾನವನ್ನು ಎಳೆದುಕೊಂಡು ಒಳಗಿಳಿದವು, ಕುರ್ಚಿ ಮೂಗು ಮುಂದಾಗಿ ವಾಲಿತು, ಬೂದುಬಣ್ಣದ ಕೆಸರು ನನ್ನ ಸೀರೆಯ ಅಂಚಿಗೆ ಬಂತು. ಹಿಂದೆ ಕ್ಯಾಮೆರಾಗಳು ಕಟಕಟ ಎಂದವು. ಅಧ್ಯಕ್ಷರು ನುಗ್ಗಿಬಂದು ನನ್ನ ಕಂಕುಳಿಗೆ ಕೈಹಾಕಿದರು, ಅವರ ಒಂದು ಬೂಟು ಕಾಂಕ್ರೀಟಿನಲ್ಲೇ ಉಳಿಯಿತು. ಜವಾನ, ಮೇಸ್ತ್ರಿ, ಅತಿಥಿ, ಅತಿಥಿಯ ಅಂಗರಕ್ಷಕ, ಎಲ್ಲರೂ ಸೇರಿ ನನ್ನನ್ನು ಎತ್ತಿ ಮೆಟ್ಟಿಲು ಹತ್ತಿಸಿದರು. ಊರಿಗೂರೇ ನೋಡಿತು. ನನಗೆ ಸತ್ತುಹೋಗಬೇಕು ಅನ್ನಿಸಿತು.

ಪೇಪರಿನಲ್ಲಿ ದೊಡ್ಡ ಫೋಟೋ ಬಂತು. 'ಮಾನವೀಯತೆ ಮೆರೆದ ಅಧ್ಯಕ್ಷರು' ಎಂದು ಮೇಲೆ, ಅಂಗವಿಕಲೆಯನ್ನು ಸ್ವತಃ ಎತ್ತಿಕೊಂಡು ಹೋದ ವಿವರ ಕೆಳಗೆ. ಕಾಂಕ್ರೀಟಿನ ಸುದ್ದಿಯೇ ಇಲ್ಲ. ಮುಂದಿನ ಸಭೆಯಲ್ಲಿ ಇಂಥ ಸಹೃದಯ ಸಿಬ್ಬಂದಿ ಇರುವಾಗ ರ‍್ಯಾಂಪಿನ ಅಗತ್ಯ ಕಂಡುಬರುವುದಿಲ್ಲವೆಂದು ತೀರ್ಮಾನಿಸಿ, ನನ್ನನ್ನು ಎತ್ತುವುದಕ್ಕೆ ಒಂದು ತಂಡ ರಚಿಸಿದರು. ತಂಡಕ್ಕೆ ಬ್ಯಾಡ್ಜು ಕೂಡ ಮಾಡಿಸಿದರು. ಹಸಿ ರ‍್ಯಾಂಪನ್ನು ಸಲಿಕೆಯಲ್ಲಿ ತೋಡಿ ಲಾರಿಗೆ ತುಂಬಿದರು.

ಮರುದಿನ ಬ್ಯಾಡ್ಜಿನವರು ನಗುನಗುತ್ತಾ ಕೆಳಗಿಳಿದು ಬಂದರು.

"ಮುಟ್ಟಬೇಡಿ" ಎಂದೆ.

"ಯಾಕಕ್ಕಾ? ಹುಷಾರಿಲ್ವಾ?" ಎಂದ ಜವಾನ.

"ಹುಷಾರಾಗೇ ಇದೀನಿ. ಒಳಗಿಂದ ನನ್ನ ಮೊಹರು, ಶಾಯಿ, ಆ ಮಡಚೋ ಮೇಜು ತಂದುಕೊಡು. ಇವತ್ತಿಂದ ಟಪಾಲು ವಿಭಾಗ ಇಲ್ಲೇ."

ಜವಾನ ಒಮ್ಮೆ ತನ್ನ ಸೊಂಟ ಮುಟ್ಟಿ ನೋಡಿಕೊಂಡು, ನನಗಿಂತ ಹಗುರವಾದ ಮೇಜನ್ನು ಓಡೋಡಿ ತಂದ. ಗೋಡೆಯ ನೆರಳಲ್ಲಿ ಕೂತೆ. ಕಾಗದ ತಂದವರಿಗೆ ಮೆಟ್ಟಿಲು ಹತ್ತುವ ಕೆಲಸ ತಪ್ಪಿತು. ಮಂಡಿ ನೋವಿನ ಅಜ್ಜಿಯರು, ಬಸುರಿಯರು, ಮಗು ಎತ್ತಿಕೊಂಡವರು, ಇಷ್ಟು ದಿನ ಯಾಕಮ್ಮಾ ಒಳಗೆ ಕೂತಿದ್ದೆ ಎಂದು ನನ್ನನ್ನೇ ಕೇಳಿದರು. ಕಷ್ಟಕ್ಕೆ ಬಂದದ್ದು ಮೇಲಿನವರಿಗೆ. ಮೊಹರಿಲ್ಲದೆ ಯಾವ ಕಾಗದವೂ ಅಲುಗಾಡುವಂತಿಲ್ಲ, ಒಂದೊಂದಕ್ಕೂ ಇಳಿಯಬೇಕು, ಹತ್ತಬೇಕು. ಮೇಲ್ವಿಚಾರಕರು ಏದುಸಿರು ಬಿಡುತ್ತಾ ಬಂದರು.

"ಏನಮ್ಮಾ ಇದು, ಹೀಗೆಲ್ಲ ಹಟ ಮಾಡಬಾರದು."

"ಹಟ ಎಲ್ಲಿ ಸಾರ್? ಆಫೀಸಿಗೆ ಬಂದಿದೀನಿ. ನನಗೆ ಎಲ್ಲೀವರೆಗೆ ಬರೋಕಾಗತ್ತೋ ಅಲ್ಲೀವರೆಗೆ."

ಒಂದು ಮಧ್ಯಾಹ್ನ ಬದಲಿ ಸಾಹೇಬರು ಬಂದು ಮೆಟ್ಟಿಲ ಮೇಲೆ ಕೂತರು. ನಾನು ತಲೆ ಎತ್ತಲಿಲ್ಲ.

"ತಪ್ಪು ನಂದೇ ಮೇಡಂ. ಸಕ್ಕರೆ ಸೇರಿದ್ರೆ ಸಿಮೆಂಟು ಗಟ್ಟಿಯಾಗಲ್ಲ. ಓದಿದ್ದೆ, ಪರೀಕ್ಷೇಲಿ ಬರೆದೂ ಇದ್ದೆ. ನೀರು ಉಳಿಸೋ ಭರದಲ್ಲಿ ನೆನಪೇ ಆಗಲಿಲ್ಲ."

"ಸಕ್ಕರೆ ವಿಷಯ ಬಿಡಿ ಸಾರ್, ಅದು ಇರುವೆಗೂ ಗೊತ್ತಾಯ್ತು. ನನ್ನ ಮೇಲೆ ಪ್ರಯೋಗ ಮಾಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅಂತ ಯಾಕೆ ಅನ್ನಿಸಲಿಲ್ಲ?"

"ನಿಮಗೋಸ್ಕರಾನೇ ಅಲ್ವಾ ಮಾಡಿದ್ದು?"

"ನನಗೋಸ್ಕರ ಅಲ್ಲ. ಜಮಖಾನ ಹಾಸಿದ್ರಲ್ಲ, ಕೆಳಗೆ ಹಸಿ ಇದೆ ಅಂತ ನಿಮಗೆ ಗೊತ್ತಿತ್ತು. ಸುಮ್ಮನೆ ನಿಂತಿದ್ರಿ."

ನನಗೆ ಅಳು ಬರುತ್ತಿತ್ತು, ಅದನ್ನು ಒಂದು ಲಕೋಟೆಯ ಮೇಲೆ ಮೊಹರು ಕುಟ್ಟಿ ತೀರಿಸಿಕೊಂಡೆ.

"ಹಾಗಾದ್ರೆ ಈಗ ಕೇಳ್ತೀನಿ" ಎಂದರು. "ಮರಳು ಈಗಲೂ ಇಲ್ಲ. ಇನ್ನೊಂದ್ಸಲ ಗಾಜಲ್ಲೇ ಮಾಡ್ಲಾ?"

ಬೇಡ ಎನ್ನಲು ಬಾಯಿವರೆಗೆ ಬಂದಿತ್ತು. ಆದರೆ ಗಾಜಿನ ತಪ್ಪೇನಿತ್ತು? ನನ್ನ ನಾಲ್ಕು ಮಾರು ದಾರಿಗೆ ನದಿಯನ್ನು ಇನ್ನಷ್ಟು ಬಗೆಯಿರಿ ಎಂದು ಕೇಳುವ ಮುಖ ನನಗೂ ಇರಲಿಲ್ಲ. "ಮಾಡಿ. ಬಾಟ್ಲಿ ತೊಳೆದು ಮಾಡಿ. ಮೊದಲು ಪರೀಕ್ಷೆಗೆ ಅಂತ ಒಂದು ತುಂಡು ಹಾಕಿ, ಅದನ್ನ ನನ್ನ ಕಣ್ಣೆದುರು ಒಡೆದು ತೋರ್ಸಿ. ಜಮಖಾನ ಮನೇಲೇ ಇರ್ಲಿ."

ಮಂಜೂರಾತಿ ಸಿಕ್ಕ ಬಗೆ ಬೇರೆ. ಅಧ್ಯಕ್ಷರ ಹೊಸ ಮಹಡಿಯ ಕಾಗದವೂ ನನ್ನ ಮೊಹರಿಗೆ ಬರಬೇಕಿತ್ತು. ಅವರ ಕಡೆಯವರು ತಂದಾಗಲೆಲ್ಲ ಒಂದಲ್ಲ ಒಂದು ಪುಟ ಮೇಲೆಯೇ ಉಳಿದಿರುತ್ತಿತ್ತು, ನಾನು ವಿನಯದಿಂದ ವಾಪಸು ಹತ್ತಿಸುತ್ತಿದ್ದೆ. ಕೊನೆಗೆ ಅಧ್ಯಕ್ಷರೇ ಬೆವರು ಒರೆಸುತ್ತಾ ಇಳಿದು ಬಂದರು. ಅಗತ್ಯವಿಲ್ಲವೆಂದು ತೀರ್ಮಾನಿಸಿದ್ದನ್ನು ಮತ್ತೆ ಕಟ್ಟಿಸಿದರೆ ಮರ್ಯಾದೆ ಹೋಗುತ್ತದಲ್ಲ, ಹಾಗಾಗಿ 'ಹಳೆಯ ರ‍್ಯಾಂಪಿನ ದುರಸ್ತಿ' ಎಂದು ಬರೆದು ಸಹಿ ಹಾಕಿದರು. ಇಲ್ಲದ ರ‍್ಯಾಂಪು ಹೀಗೆ ದುರಸ್ತಿಗೆ ಬಂತು.

ಬದಲಿ ಸಾಹೇಬರು ಪ್ಯಾಂಟು ಮಡಚಿಕೊಂಡು ಹಿತ್ತಲ ನಲ್ಲಿಯ ಬಳಿ ಕೂತು ಬಾಟ್ಲಿ ತೊಳೆದರು, ತೊಳೆದ ನೀರನ್ನು ಗಿಡಗಳಿಗೆ ಬಿಟ್ಟರು. ಗಾಜನ್ನು ಈ ಸಲ ಹಿಟ್ಟಿನಷ್ಟು ನುಣ್ಣಗೆ ಬೀಸಿಸಿದರು, ದಪ್ಪಗಿದ್ದರೆ ಅದು ಸಿಮೆಂಟಿನ ಜೊತೆ ಜಗಳಾಡಿ ಮುಂದೊಂದು ದಿನ ಬಿರುಕು ಬಿಡಿಸುತ್ತದಂತೆ. ಮರಳಿನ ಜಾಗಕ್ಕೆ ಒಂದು ಪಾಲು ಮಾತ್ರ ಗಾಜು, ಉಳಿದದ್ದು ಕಲ್ಲುಪುಡಿ. ಮೊದಲು ಹಾಕಿದ ತುಂಡನ್ನು ಮೇಸ್ತ್ರಿಯ ಸುತ್ತಿಗೆಗೆ ಕೊಟ್ಟು ನನ್ನೆದುರು ಇಟ್ಟರು. ಮೇಸ್ತ್ರಿ ಕುಟ್ಟಿ ಕುಟ್ಟಿ ಸುಸ್ತಾಗಿ, ಸಿಮೆಂಟು ಈ ಸಲ ಒಳ್ಳೆಯದು ಎಂದ.

ಹಾಕಿದ ಮೇಲೆ ಗೋಣಿತಾಟು ಮುಚ್ಚಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿದರು. ಉದ್ಘಾಟನೆಗೆ ಯಾರೂ ಬರಲಿಲ್ಲ. ಒಂದೇ ರ‍್ಯಾಂಪಿಗೆ ಎರಡು ಸಲ ಟೇಪು ಕತ್ತರಿಸಲು ದೊಡ್ಡವರಿಗೆ ಪುರುಸೊತ್ತಿರಲಿಲ್ಲ, ನನ್ನ ಪುಣ್ಯ.

ಸಾಹೇಬರು ಸರಿ ಎಂದ ಬೆಳಿಗ್ಗೆ ನಾನು ಗೇಟು ದಾಟಿ ಬಂದೆ. ಜವಾನ ಟೀ ಕುಡಿಯಲು ಹೋಗಿದ್ದ. ಅರ್ಜಿಯವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಬದಲಿ ಸಾಹೇಬರು ಮಾತ್ರ ಮೂಲೆಯಲ್ಲಿ ನಿಂತಿದ್ದರು, ನನ್ನನ್ನು ಕಂಡು ಒಂದು ಹೆಜ್ಜೆ ಮುಂದಿಟ್ಟವರು, ಏನನ್ನಿಸಿತೋ, ಹಿಂದಕ್ಕೆ ಸರಿದು ಬೇರೆಲ್ಲೋ ನೋಡತೊಡಗಿದರು. ಗಾಲಿ ದೂಡಿದೆ. ತೋಳಿಗೆ ಭಾರವಾಯಿತು, ಗಾಲಿ ಹಿಡಿದು ಒಮ್ಮೆ ನಿಂತು ಉಸಿರು ತೆಗೆದುಕೊಂಡೆ, ಮತ್ತೆ ದೂಡಿದೆ. ಬಾಗಿಲು, ಪಡಸಾಲೆ, ನನ್ನ ಮೇಜು. ಕುರ್ಚಿ ಒಳಗೆ ತೂರಿಸಿ ಶಾಯಿಯ ಡಬ್ಬಿ ತೆರೆದೆ. ಯಾರೂ ತಲೆ ಎತ್ತಿರಲಿಲ್ಲ.

ಲೆಕ್ಕಪತ್ರದವರು ಸ್ವಲ್ಪ ಹೊತ್ತಿನ ಮೇಲೆ ಕಡತದಿಂದ ಕಣ್ಣೆತ್ತಿದರು. "ಅರೆ, ನೀವು ಯಾವಾಗ ಬಂದ್ರಿ? ಗೊತ್ತೇ ಆಗಲಿಲ್ಲ."

"ಆಗಲೇ ಬಂದೆ" ಎಂದು ಮುಂದಿನ ಲಕೋಟೆಗೆ ಮೊಹರು ಒತ್ತಿದೆ.